ತವರಿಗೆ ಬರುವ ಕಬ್ಬಿಣ

ಹೋದ ತಿಂಗಳು ಅಡುಗೆಮನೆಯ ಕಟ್ಟೆಗೆ ಕಲ್ಲು ಆರಿಸಲು ಜಿಗಣಿಗೆ ಹೋಗಿದ್ದೆ. ಅಂಗಡಿಯ ಹುಡುಗ ಒಂದೊಂದೇ ಚಪ್ಪಡಿಯ ಮೇಲೆ ನೀರು ಚಿಮುಕಿಸಿ ಬಣ್ಣ ತೋರಿಸುತ್ತಿದ್ದ, ಹೊಳಪು ತೋರಿಸುತ್ತಿದ್ದ. ನಾನು ಎರಡನ್ನೂ ನೋಡದೆ, ಕಣ್ಣು ಮುಚ್ಚಿಕೊಂಡು, ಕಲ್ಲಿನ ಮೇಲೆ ಅಂಗೈ ಆಡಿಸುತ್ತ ನಿಂತಿದ್ದೆ.

"ಏನ್ ಹುಡುಕ್ತಿದೀರಾ ಮೇಡಂ?" ಎಂದ.

"ನಡುವೆ ಒಂದ್ ಚೂರು ಉಬ್ಬಿದೆ ಕಣಪ್ಪ" ಎಂದೆ.

ಅವನಿಗೆ ನಗು. ಆದರೂ ಗಿರಾಕಿಯ ಮಾತು ತೆಗೆದುಹಾಕಬಾರದೆಂದು ಒಳಗಿನಿಂದ ಉದ್ದನೆಯ ಸ್ಟೀಲ್ ಪಟ್ಟಿ ತಂದು ಕಲ್ಲಿನ ಮೇಲೆ ನಿಲ್ಲಿಸಿ ಬಗ್ಗಿ ನೋಡಿದ. ಪಟ್ಟಿಯ ಎರಡೂ ತುದಿಯ ಕೆಳಗಿಂದ ಬೆಳಕು ಸಣ್ಣಗೆ ಇಣುಕುತ್ತಿತ್ತು. ಹುಡುಗ ನೆಟ್ಟಗಾದ. "ಮೇಡಂ, ನೀವು ಯಾವ್ ಫೀಲ್ಡ್‌ನಲ್ಲಿದ್ರಿ?" ಎಂದು ಕೇಳಿದ. ಮೂವತ್ತು ವರ್ಷ ಮಕ್ಕಳಿಗೆ ಹಿಂದಿ ಪಾಠ ಹೇಳಿದ್ದೇನೆ ಎಂದೆ. ಅವನು ಆಮೇಲೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಈ ಅಂಗೈ ಆಡಿಸುವ ಚಾಳಿಯಿಂದ ನಾನು ಅನುಭವಿಸಿದ ನಾಚಿಕೆ ಅಷ್ಟಿಷ್ಟಲ್ಲ. ಮದುವೆಗೆ ಮುಂಚೆ ಗಂಡಿನ ಮನೆಯವರು ನಮ್ಮನ್ನು ಊಟಕ್ಕೆ ಕರೆದಿದ್ದರು. ಆ ಕಾಲಕ್ಕೆ ಅಪರೂಪವಾದ ಡೈನಿಂಗ್ ಟೇಬಲ್ಲು, ಹೊಸದಾಗಿ ಕೊಂಡದ್ದು, ಅದನ್ನು ತೋರಿಸುವುದಕ್ಕೇ ಕರೆದಿದ್ದರೋ ಏನೋ. ನಾನು ಕೂತವಳೇ ಎಲೆ ಹಾಕುವ ಮೊದಲು ಕೈ ಆಡಿಸಿ, "ಇದು ಈ ಮೂಲೆಗೆ ಇಳಿದಿದೆ" ಎಂದುಬಿಟ್ಟೆ. ಮುಂದೆ ಅತ್ತೆಯಾಗಲಿದ್ದವರ ಮುಖ ಆ ಮೂಲೆಗಿಂತ ಹೆಚ್ಚು ಇಳಿಯಿತು. ಆದರೆ ಸಾರು ಬಡಿಸಿದಾಗ ಅದು ನಾನು ಹೇಳಿದ ಮೂಲೆಯ ಕಡೆಗೇ ಹರಿದುಬಂದು ಹುಡುಗನ ಪ್ಯಾಂಟಿನ ಮೇಲೆ ಬಿತ್ತು. ಆ ಸಾರನ್ನು ನೋಡಿಯೇ ನಾನು ನಿನ್ನನ್ನು ಒಪ್ಪಿದ್ದು ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ನಾನು ನಂಬುವುದಿಲ್ಲ, ಬೇಡವೆನ್ನುವುದೂ ಇಲ್ಲ.

ಈ ಚಾಳಿ ಬಂದದ್ದು ಅಪ್ಪನಿಂದ. ಅಪ್ಪನ ಕಸುಬು ಏನು ಎಂದು ಶಾಲೆಯಲ್ಲಿ ಕೇಳಿದರೆ ಹೇಳುವುದಕ್ಕೆ ನನಗೆ ಬಹಳ ಕಷ್ಟವಾಗುತ್ತಿತ್ತು. ಉಳಿದ ಹುಡುಗಿಯರು ಒಂದೇ ಮಾತಿನಲ್ಲಿ ಕಾರ್ಖಾನೆ ಎಂದು ಕೂತುಬಿಡುತ್ತಿದ್ದರು. ನಾನು ಎದ್ದು, "ನಮ್ಮಪ್ಪ ಕಬ್ಬಿಣವನ್ನು ಸಪಾಟು ಮಾಡ್ತಾರೆ" ಎನ್ನುತ್ತಿದ್ದೆ. ಟೀಚರು, "ರೋಡ್ ರೋಲರಾ?" ಎನ್ನುತ್ತಿದ್ದರು.

ರೋಡ್ ರೋಲರ್ ಅಲ್ಲ. ಸರ್ಫೇಸ್ ಪ್ಲೇಟ್ ಎಂದು ಒಂದು ವಸ್ತು. ಬೀಡು ಕಬ್ಬಿಣದ ದಪ್ಪ ಹಲಗೆ, ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಇಬ್ಬರು ಹಿಡಿದು ಎತ್ತುವಷ್ಟು ಭಾರ. ಅದರ ಮೇಲ್ಮೈ ಎಲ್ಲೂ ಕೂದಲೆಳೆಯಷ್ಟೂ ಏರಿಳಿತವಿಲ್ಲದೆ ಸಪಾಟಾಗಿರಬೇಕು. ಕಾರ್ಖಾನೆಯಲ್ಲಿ ಮಾಡಿದ ಯಾವುದೇ ಭಾಗ ಡೊಂಕೋ ನೆಟ್ಟಗಿದೆಯೋ ಎಂದು ಅದರ ಮೇಲಿಟ್ಟು ನೋಡುತ್ತಾರೆ. ಅದೇ ಡೊಂಕಾಗಿದ್ದರೆ ಮುಗಿಯಿತು, ಎಲ್ಲವೂ ಡೊಂಕು, ಮತ್ತು ಡೊಂಕೆಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಅಪ್ಪ ಅದನ್ನು ಕೈಯಲ್ಲೇ ಸಪಾಟು ಮಾಡುತ್ತಿದ್ದರು. ಪ್ಲೇಟಿನ ಮೇಲೆ ತೆಳ್ಳಗೆ ನೀಲಿ ಹಚ್ಚಿ ಇನ್ನೊಂದು ಪ್ಲೇಟನ್ನು ಅದರ ಮೇಲೆ ಉಜ್ಜಿದರೆ, ಎತ್ತರವಿರುವ ಕಡೆಯೆಲ್ಲ ನೀಲಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆಗಳನ್ನು ಸ್ಕ್ರೇಪರ್ ಎಂಬ ಉಳಿಯಂಥದರಿಂದ ಕೆರೆಯುವುದು, ಮತ್ತೆ ನೀಲಿ, ಮತ್ತೆ ಕೆರೆತ. ಒಂದು ಪ್ಲೇಟು ಮುಗಿಯಲು ವಾರ ಹಿಡಿಯುತ್ತಿತ್ತು. ಆ ನೀಲಿ ಒಮ್ಮೆ ಹತ್ತಿತೆಂದರೆ ಸೀಮೆಎಣ್ಣೆಗೂ ಜಗ್ಗುವುದಿಲ್ಲ. ನಮ್ಮ ಮನೆಯ ಲೋಟ ನೀಲಿ, ಬಾಗಿಲ ಚಿಲಕ ನೀಲಿ, ನನ್ನ ಮಗ್ಗಿ ಪುಸ್ತಕ ನೀಲಿ. ಕಲಸಿದ ಮೊಸರನ್ನದಲ್ಲಿ ಒಮ್ಮೆ ನೀಲಿ ಕಂಡು ಅಮ್ಮ, "ಕೃಷ್ಣನನ್ನ ಕಟ್ಕೊಂಡ ರುಕ್ಮಿಣಿಗೂ ಇಷ್ಟು ಕಷ್ಟ ಇರಲಿಲ್ಲ" ಎಂದಿದ್ದಳು.

ಸಪಾಟು ಪ್ಲೇಟು ಮಾಡಲು ಮೂರು ಪ್ಲೇಟು ಬೇಕು, ಎರಡು ಸಾಲದು. ಇದನ್ನು ಅಪ್ಪ ನನಗೆ ಎರಡು ಅಂಗೈ ಜೋಡಿಸಿ ತೋರಿಸಿದ್ದರು. ಒಂದು ಅಂಗೈ ಗುಳಿ ಮಾಡಿ, ಇನ್ನೊಂದನ್ನು ಉಬ್ಬಿಸಿ ಅದರಲ್ಲಿ ಕೂರಿಸಿದರೆ ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. "ನೋಡು ಸರೂ, ಇಬ್ಬರೇ ಇದ್ರೆ ಇಬ್ಬರೂ ಸೇರಿ ಸುಳ್ಳು ಹೇಳಬಹುದು. ಮೂರನೆಯವರು ಬಂದ್ರೆ ಆಗಲ್ಲ" ಎಂದಿದ್ದರು. ಅಪ್ಪ ಅಮ್ಮ ಜಗಳವಾಡಿದಾಗ ನನ್ನನ್ನು ನಡುವೆ ಕೂರಿಸುತ್ತಿದ್ದದ್ದು ಈ ತತ್ತ್ವದ ಮೇಲೇ. ನಾನು ಬಹುತೇಕ ಕಡಲೆಪುರಿ ಕೊಡಿಸುವವರ ಕಡೆಗೆ ಇರುತ್ತಿದ್ದೆ, ಆ ಮಾತು ಬೇರೆ.

ಅಪ್ಪ ಈ ಕೆಲಸ ಕಲಿತದ್ದು ಒಂದು ಸರ್ಕಾರಿ ಕಾರ್ಖಾನೆಯಲ್ಲಿ. ಅಲ್ಲಿ ಕ್ವಾರ್ಟರ್ಸ್ ಇತ್ತು, ಅಂಗಳದಲ್ಲಿ ಸೀಬೆಮರ ಇತ್ತು, ಬೆಳಿಗ್ಗೆ ಬಾಗಿಲಿಗೇ ಬರುವ ಫ್ಯಾಕ್ಟರಿ ಬಸ್ಸಿತ್ತು. ಇಷ್ಟನ್ನೂ ಬಿಟ್ಟು ಅಪ್ಪ ಎಪ್ಪತ್ತರ ದಶಕದ ನಡುವೆ ಒಂದು ದಿನ ಸ್ವಂತ ಕೆಲಸ ಎಂದು ಹೊರಬಿದ್ದರು. ಆಗ ಪೀಣ್ಯದಲ್ಲಿ ದಿನಕ್ಕೊಂದು ಸಣ್ಣ ಶೆಡ್ಡು ಏಳುತ್ತಿತ್ತು. ಎರಡು ಲೇತ್ ಇಟ್ಟುಕೊಂಡವರು, ಒಂದೇ ಡ್ರಿಲ್ಲಿಂಗ್ ಮಷೀನಿನ ಮಾಲೀಕರು, ಎಲ್ಲರಿಗೂ ಸರ್ಫೇಸ್ ಪ್ಲೇಟ್ ಬೇಕು, ಕೊಳ್ಳುವ ಶಕ್ತಿ ಮಾತ್ರ ಯಾರಿಗೂ ಇಲ್ಲ. ಹಾಗಾಗಿ ಅಪ್ಪ ಬಾಡಿಗೆಗೆ ಕೊಡಲು ಶುರುಮಾಡಿದರು. ಮನೆಬಿಟ್ಟು ಕದಲದ ಮೂರು ಮೂಲ ಪ್ಲೇಟುಗಳು, ಅವುಗಳಿಗೆ ಉಜ್ಜಿ ಮಾಡಿದ ಐದು ಬಾಡಿಗೆ ಪ್ಲೇಟುಗಳು, ಇಷ್ಟೇ ನಮ್ಮ ಕಂಪನಿ. ಬೋರ್ಡು ಬರೆಸಲಿಲ್ಲ. ಬರೆಸಿದರೆ ಏನು ಬರೆಸುವುದೆಂದು ಅಪ್ಪನಿಗೂ ತಿಳಿಯಲಿಲ್ಲ.

ಕ್ವಾರ್ಟರ್ಸ್ ಬಿಟ್ಟು ನಾವು ಬಂದು ಸೇರಿದ್ದು ದಾಸರಹಳ್ಳಿಯ ಹನುಮಕ್ಕನ ವಠಾರಕ್ಕೆ. ರಾಗಿ ಹೊಲವಿದ್ದ ಜಾಗದಲ್ಲಿ ಸಾಲಾಗಿ ಕಟ್ಟಿದ ಐದು ಶೀಟಿನ ಮನೆಗಳು, ಹಿಂದುಗಡೆ ಹನುಮಕ್ಕನ ಹಳೆಯ ಹೆಂಚಿನ ಮನೆ ಮತ್ತು ಎರಡು ಎಮ್ಮೆ. ಫೌಂಡ್ರಿಯಿಂದ ತಂದ ಬೀಡು ಕಬ್ಬಿಣ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ಬಿಸಿಲು ಮಳೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು ಹಣ್ಣಾಗಬೇಕು, ಇಲ್ಲದಿದ್ದರೆ ಆಮೇಲೆ ಸೊಟ್ಟಗಾಗುತ್ತದೆ. ಹನುಮಕ್ಕನ ಅಂಗಳದಲ್ಲಿ ಅವು ಹಣ್ಣಾಗುತ್ತಿದ್ದವು, ಅವಳ ಕೋಳಿಗಳು ಅವುಗಳ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಬೇರೆ ಮನೆಯ ಯಜಮಾನಿಯಾಗಿದ್ದರೆ ತುಕ್ಕಿನ ಕಲೆಗೆ ಗಲಾಟೆ ಮಾಡುತ್ತಿದ್ದಳು. ಹನುಮಕ್ಕ, "ಕೆಟ್ಟೋಗದಲ್ಲ, ಮಾಗದು ತಾನೆ, ಬಿದ್ದಿರ್ಲಿ" ಎಂದಿದ್ದಳು.

ಅಪ್ಪನ ಬಲಭುಜ ಕೈಕೊಡಲು ಶುರುವಾದಾಗ ನನಗೆ ಹದಿನಾಲ್ಕೋ ಹದಿನೈದೋ. ಕೆರೆಯುವ ಕೆಲಸದ ಭಾರವೆಲ್ಲ ಭುಜದ ಮೇಲೇ. ಬೆಳಿಗ್ಗೆ ಎದ್ದರೆ ಅಂಗಿ ಹಾಕಿಕೊಳ್ಳಲು ಅಮ್ಮ ಕೈ ಎತ್ತಿಕೊಡಬೇಕಾಗುತ್ತಿತ್ತು. ಹರಳೆಣ್ಣೆ ಬಿಸಿ ಮಾಡಿ ಉಜ್ಜುತ್ತ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಇದ್ರಲ್ಲಿ ಇನ್ನೆಷ್ಟು ದಿನ ರೀ?"

ಅದೇ ಸಮಯಕ್ಕೆ ಗೋಪಾಲರಾಯರು ಬಂದರು. ಊರಿನ ಇನ್ನೊಂದು ತುದಿ ಹೆಬ್ಬಗೋಡಿಯ ಬಳಿ ಹೊಸ ಕಾರ್ಖಾನೆ ಹಾಕುತ್ತಿದ್ದವರು, ಒಳ್ಳೆಯ ಮನುಷ್ಯ, ಕೊಟ್ಟ ಕಾಫಿಯನ್ನು ನೀಲಿ ಲೋಟದಲ್ಲೇ ಕುಡಿದವರು. ಎಂಟೂ ಪ್ಲೇಟು ಒಟ್ಟಿಗೆ ಕೊಟ್ಟುಬಿಡಿ ಎಂದರು, ಮೂಲದ ಮೂರನ್ನೂ ಸೇರಿಸಿ. ಅವರು ಹೇಳಿದ ಬೆಲೆಗೆ ಲಗ್ಗೆರೆಯ ಕಡೆ ಒಂದು ತರ್ಟಿ ಫಾರ್ಟಿ ಸೈಟು ಬರುತ್ತಿತ್ತು. ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಅಂದೇ ಸಂಜೆ ಸ್ಲೇಟಿನ ಮೇಲೆ ನಾಲ್ಕು ಗೆರೆ ಎಳೆದು ಅಡುಗೆಮನೆ ಎಲ್ಲಿ, ದೇವರ ಗೂಡು ಎಲ್ಲಿ ಎಂದು ನನಗೆ ತೋರಿಸಿದಳು. ಸೀಬೆಮರಕ್ಕೂ ಜಾಗ ಬಿಟ್ಟಿದ್ದಳು.

ಕ್ವಾರ್ಟರ್ಸ್ ಬಿಟ್ಟ ದಿನ ಅಮ್ಮ ಅಳಲಿಲ್ಲ. ಆಮೇಲೂ ಒಂದು ಮಾತು ಆಡಲಿಲ್ಲ. ಆದ್ದರಿಂದ ಆ ಸ್ಲೇಟನ್ನು ನೋಡಿದಾಗ ನನಗೆ ಒಳಗೊಳಗೇ ಭಯವಾಯಿತು. ಅವಳಿಗೆ ಸ್ವಂತದ ಸೂರು ಎಷ್ಟು ಬೇಕಾಗಿತ್ತೆಂದು ಅಲ್ಲಿಯವರೆಗೂ ನಮಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಾಗಿರಬೇಕು. ಮಾರನೆಯ ದಿನ ಗೋಪಾಲರಾಯರಿಗೆ ಆಗಲಿ ಎಂದುಬಿಟ್ಟರು. ಆಗ ಪಿತೃಪಕ್ಷ. ಪಕ್ಷದಲ್ಲಿ ಕಬ್ಬಿಣ ಮನೆಗೆ ತರುವುದು ಬೇಡ, ವಿಜಯದಶಮಿಯ ದಿನ ಲಾರಿ ತರುತ್ತೇನೆ ಎಂದು ರಾಯರು ಹೊರಟರು.

ಹೀಗೆ ನಡುವೆ ಆಯುಧಪೂಜೆ ಸಿಕ್ಕಿಕೊಂಡಿತು.

ಪೀಣ್ಯದ ಆಯುಧಪೂಜೆ ನೋಡಿದವರಿಗೆ ಹೇಳಬೇಕಾಗಿಲ್ಲ. ದೀಪಾವಳಿ ಯುಗಾದಿ ಎಲ್ಲ ಮನೆಯವರ ಹಬ್ಬ, ಇದು ಶೆಡ್ಡುಗಳ ಹಬ್ಬ. ಲೇತಿಗೆ ಬಾಳೆಕಂದು ಕಟ್ಟುತ್ತಾರೆ, ಗ್ರೈಂಡಿಂಗ್ ಚಕ್ರಕ್ಕೆ ಸೇವಂತಿಗೆ ಹಾರ, ಮೀಟರ್ ಬೋರ್ಡಿಗೆ ಕುಂಕುಮ. ರಸ್ತೆಯ ತುಂಬ ಒಡೆದ ಬೂದುಗುಂಬಳ. ಗೋಣಿಚೀಲದಲ್ಲಿ ತಂದ ಕಡಲೆಪುರಿಯನ್ನು ಮೊರದಿಂದ ಎತ್ತಿ ಹಾಕುತ್ತಾರೆ. ನನ್ನ ಲಂಗದ ಎರಡೂ ಜೇಬು ತುಂಬಿ, ಉಡಿ ತುಂಬಿ, ಬಾಯಿಯೂ ತುಂಬಿರುತ್ತಿತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಯಾರೂ ಮುಟ್ಟುವಂತಿಲ್ಲ. ಅದಕ್ಕೂ ಒಂದು ದಿನ ರಜ, ಮರುದಿನ ಬೆಳಿಗ್ಗೆಯೇ ತೆಗೆಯಬೇಕು.

ಬಸವರಾಜು ಎಂದು ಒಬ್ಬರಿದ್ದರು. ಪೀಣ್ಯದಲ್ಲಿ ಸಣ್ಣ ಶೆಡ್ಡಿಟ್ಟುಕೊಂಡು ತಗಡು ಒತ್ತುವ ಅಚ್ಚು, ಅಂದರೆ ಡೈ, ಮಾಡುತ್ತಿದ್ದವರು, ಅಪ್ಪನಿಂದ ಮೊದಲು ಪ್ಲೇಟು ಬಾಡಿಗೆಗೆ ಒಯ್ದವರು. ಮಹಾ ದೈವಭಕ್ತ. ಮಾರಾಟದ ವಿಷಯ ಅವರಿಗೆ ಗೊತ್ತಾಗಿತ್ತು. ಇದು ತಮ್ಮ ಶೆಡ್ಡಿನಲ್ಲಿ ಆ ಪ್ಲೇಟಿನ ಕೊನೆಯ ಹಬ್ಬ, ಬಾಡಿಗೆಯದೆಂದು ಅದಕ್ಕೆ ಕಡಿಮೆ ಮಾಡಬಾರದು ಎಂದುಕೊಂಡು, ಎಲ್ಲ ಯಂತ್ರಗಳಿಗಿಂತ ಮುಂದೆ ಅದನ್ನೇ ಕೂರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಭಕ್ತಿ ಹೆಚ್ಚಾಗಿ, ತೆಂಗಿನಕಾಯಿಯನ್ನು ಅದರ ಮೇಲೆಯೇ ಇಟ್ಟು ಮಚ್ಚಿನಿಂದ ಒಡೆದರು. ಎರಡನೆಯ ಏಟಿಗೆ ಮಚ್ಚು ಜಾರಿತು. ನಿಂಬೆಹಣ್ಣು ಹೆಚ್ಚಿ, ಕುಂಕುಮ ತುಂಬಿ, ಎರಡು ಹೋಳನ್ನೂ ಅದರ ಮೇಲೆಯೇ ಮಗುಚಿಟ್ಟರು. ಆಮೇಲೆ ಸಂಪ್ರದಾಯದಂತೆ ಯಾರೂ ಮುಟ್ಟಲಿಲ್ಲ. ಎಳನೀರು, ನಿಂಬೆರಸ, ಕುಂಕುಮ ಎಲ್ಲವೂ ಪೀಣ್ಯದ ಅತಿ ಸಪಾಟಾದ ಜಾಗದ ಮೇಲೆ ಬೆಳಗಿನವರೆಗೂ ನಿಂತವು.

ವಿಜಯದಶಮಿಯ ಬೆಳಿಗ್ಗೆ ಬಸವರಾಜು ಪ್ಲೇಟನ್ನು ಗೋಣಿಯಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿಗೆ ಕಟ್ಟಿ, ಪೀಣ್ಯದಿಂದ ತಳ್ಳಿಕೊಂಡೇ ಬಂದರು. ಗೋಣಿ ಬಿಚ್ಚಿದಾಗ ನಾನೂ ಅಲ್ಲೇ ಇದ್ದೆ. ಒಂದು ಮೂಲೆಯಲ್ಲಿ ಮಚ್ಚಿನ ಗಾಯ, ನಡುವೆ ಎರಡು ಗುಂಡನೆಯ ನಿಂಬೆಯ ಕಲೆ, ಸುತ್ತ ಕೆಂಪು ತುಕ್ಕು.

"ತಪ್ಪಾಯ್ತು ಸಾರ್" ಎಂದರು ಬಸವರಾಜು. "ಕೈ ಮುಗಿಯೋಕ್ ಹೋಗಿ ಹಿಂಗ್ ಮಾಡ್ಬಿಟ್ಟೆ. ಏನಂತೀರೋ ಅನ್ನಿ."

ಅಪ್ಪ ಮಂಡಿಯೂರಿ ಕೂತು ಅಂಗೈ ಆಡಿಸಿದರು. ಕೋಪ ಬಂದಿತ್ತೆಂದು ನನಗೆ ಗೊತ್ತು, ಕಿವಿ ಕೆಂಪಾಗಿತ್ತು. ಆದರೆ ಪೂಜೆ ಮಾಡಿದ್ದಕ್ಕೆ ಬಯ್ಯುವುದು ಹೇಗೆ? ಕೊನೆಗೆ, "ಕಾಯಿ ಚೆನ್ನಾಗಿತ್ತಾ?" ಎಂದು ಕೇಳಿದರು. ಬಸವರಾಜು ತಲೆ ತಗ್ಗಿಸಿಕೊಂಡೇ, "ಚೆನ್ನಾಗಿತ್ತು ಸಾರ್, ಹೂ ಬಿದ್ದಿತ್ತು" ಎಂದರು.

ಮಧ್ಯಾಹ್ನ ಗೋಪಾಲರಾಯರು ಲಾರಿಯೊಂದಿಗೆ ಬಂದರು. ಗಾಯ ನೋಡಿ, "ಪರವಾಗಿಲ್ಲ ಬಿಡಿ, ಇಷ್ಟು ದೊಡ್ಡದರಲ್ಲಿ ಒಂದು ಮೂಲೆ ತಾನೆ? ಆ ಮೂಲೆ ಗೋಡೆ ಕಡೆಗೆ ತಿರುಗಿಸಿ ಇಟ್ಕೋತೀವಿ" ಎಂದರು. ಬೇರೆ ಯಾರಾದರೂ ಆ ಮಾತಿಗೆ ನಿಟ್ಟುಸಿರು ಬಿಡುತ್ತಿದ್ದರು. ಅಪ್ಪ ಮಾತ್ರ, "ಎಂಟು ದಿನ ಕೊಡಿ ಸಾರ್. ಸರಿ ಮಾಡೇ ಕೊಡ್ತೀನಿ" ಎಂದರು. ರಾಯರು ಒಪ್ಪಿ ಬರಿಯ ಲಾರಿಯನ್ನು ವಾಪಸು ಕಳಿಸಿದರು. ಅಮ್ಮ ಒಳಗೆ ಮತ್ತೆ ಹರಳೆಣ್ಣೆ ಬಿಸಿಗಿಟ್ಟಳು.

ಆ ಎಂಟು ದಿನಗಳ ನೆನಪು ನನಗೆ ಇನ್ನೂ ಹಸಿಯಾಗಿದೆ. ಒಂದು ಮೂಲೆಯಲ್ಲಿ ತಗ್ಗಿದ್ದರೆ ಆ ಮೂಲೆಯನ್ನು ತುಂಬುವುದಕ್ಕಾಗುವುದಿಲ್ಲ. ಉಳಿದ ಇಡೀ ಪ್ಲೇಟನ್ನು ಆ ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಅಪ್ಪ ಎಡಗೈ ಊರಿ ಬಲಗೈಗೆ ಎದೆಯ ಆಸರೆ ಕೊಟ್ಟು ಕೆರೆಯುತ್ತಿದ್ದರು. ಬಸವರಾಜು ದಿನಾ ಸಂಜೆ ಶೆಡ್ಡು ಮುಚ್ಚಿ ಬಂದು, ಪ್ರಾಯಶ್ಚಿತ್ತವೆಂದು ಸ್ಕ್ರೇಪರ್ ಹಿಡಿಯುತ್ತಿದ್ದರು. ಮೊದಲ ದಿನ ಅವರು ಕೆರೆದದ್ದನ್ನು ನೋಡಿ ಅಪ್ಪ, "ಬಸವರಾಜು, ಇದು ಉಳುಮೆ ಅಲ್ಲ" ಎಂದರು. ಮೂರನೆಯ ದಿನ ಏನೂ ಅನ್ನಲಿಲ್ಲ. ಅಪ್ಪ ಏನೂ ಅನ್ನದಿದ್ದರೆ ಅದು ಅವರ ಲೆಕ್ಕದಲ್ಲಿ ಶಹಬ್ಬಾಸ್‌ಗಿರಿ. ನನ್ನ ಕೆಲಸ ನೀಲಿ ಹಚ್ಚುವುದು, ಮತ್ತು ಕಣ್ಣುಮುಚ್ಚಿ ಕೈ ಆಡಿಸಿ ಎಲ್ಲಿ ಎತ್ತರ ಹೇಳುವುದು. ತಪ್ಪು ಹೇಳಿದರೆ ಅಪ್ಪ ನೀಲಿ ಬೆರಳಿಂದ ಮೂಗಿನ ಮೇಲೆ ಬೊಟ್ಟಿಡುತ್ತಿದ್ದರು. ಆ ವಾರವೆಲ್ಲ ನಾನು ನೀಲಿ ಮೂಗಿನಲ್ಲೇ ಶಾಲೆಗೆ ಹೋದೆ.

ಐದನೆಯ ಸಂಜೆ ಬಸವರಾಜು ಕೆಲಸ ನಿಲ್ಲಿಸಿ ಕೇಳಿದರು: "ಒಂದ್ ಮಾತು ಸಾರ್. ಇದನ್ನ ಅವರಿಗೆ ಕೊಟ್ಟುಬಿಟ್ರೆ, ಅಲ್ಲಿ ಯಾರಾದ್ರೂ ನನ್ನಂಥೋರು ಹಿಂಗೆ ಮಾಡ್ಬಿಟ್ರೆ, ಅವರು ಯಾರ ಹತ್ರ ತರ್ತಾರೆ?"

ಅಪ್ಪ ಸ್ಕ್ರೇಪರ್ ಕೆಳಗಿಟ್ಟರು. ಅಕ್ಕಿ ಆರಿಸುತ್ತ ಕೂತಿದ್ದ ಅಮ್ಮನ ಕೈ ಮೊರದ ಮೇಲೆ ಹಾಗೇ ನಿಂತಿತು.

ಮರುದಿನ ಬೆಳಿಗ್ಗೆ ನೀರಿಗೆ ಹೋದಾಗ ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಬೋರಿನ ಪಕ್ಕದಲ್ಲಿ ಹನುಮಕ್ಕ ಎಮ್ಮೆ ತೊಳೆಯುತ್ತಿದ್ದಳು. ಅಮ್ಮ ಬಿಂದಿಗೆ ಇಟ್ಟು ನೇರವಾಗಿ ಕೇಳಿದಳು: "ಹನುಮಕ್ಕ, ನೀವೇ ಹೇಳಿ. ಇವರ ಸಾಮಾನು ಮಾರೋದಾ, ಬಾಡಿಗೆಗೇ ಬಿಡೋದಾ?"

ಹನುಮಕ್ಕ ಎಮ್ಮೆಯ ಬೆನ್ನಿನಿಂದ ಕೈ ತೆಗೆಯದೆ ಹೇಳಿದಳು: "ನಾನೇನ್ ಬಲ್ಲೆ ಅಮ್ಮಾವ್ರೆ? ನಂಗೆ ಗೊತ್ತಿರೋದು ಒಲ. ನಮ್ ಭಾವ ಅವ್ನ ಪಾಲು ಮಾರ್ದ. ದುಡ್ಡು ಬಂತು, ಮೋಟ್ರುಸೈಕಲ್ ಬಂತು. ಈಗ ಅಲ್ಲಿ ಕಾರ್ಖಾನೆ ಕಾಂಪೋಂಡು ಎದ್ದೈತೆ. ದಿನಾ ಅದ್ರ ಮುಂದೇನೆ ಓಗ್ತಾನೆ, ಒಳೀಕೆ ಇಣುಕಕ್ಕೆ ವಾಚ್‌ಮನ್ನು ಬುಡಕಿಲ್ಲ. ನಾನು ಮನೆ ಕಟ್ಸಿ ಬಾಡ್ಗೆಗೆ ಬುಟ್ಟೆ. ದುಡ್ಡು ಕಡ್ಮೆನೇ. ಆದ್ರೆ ಬೆಳಿಗ್ಗೆ ಎದ್ರೆ ನನ್ ಒಲದಾಗೆ ನಾನು ತಿರುಗಾಡ್ತೀನಿ."

ಅಮ್ಮ ಬಿಂದಿಗೆ ತುಂಬಿಸಿ ಪಕ್ಕಕ್ಕಿಟ್ಟಳು. ಆಮೇಲೆ ನಿಜವಾದ ಪ್ರಶ್ನೆ ಹೊರಬಂತು. "ಸರಿ. ನಾವು ಮಾರಲಿಲ್ಲ, ಸೈಟು ತಗೊಳ್ಳಲಿಲ್ಲ ಅಂತಿಟ್ಕೊಳ್ಳಿ. ನಾಳೆ ನೀವು ಖಾಲಿ ಮಾಡಿ ಅಂದ್ರೆ ನಾವೆಲ್ಲಿಗೆ ಹೋಗೋದು?" ಕ್ವಾರ್ಟರ್ಸ್ ಬಿಟ್ಟ ದಿನದ ಅಳು ಆವತ್ತು ಬೋರಿನ ಹತ್ತಿರ ಬಂತು.

ಹನುಮಕ್ಕ ಎಮ್ಮೆಯನ್ನು ಬಿಟ್ಟು ಬಂದಳು. ಅಮ್ಮನ ತುಂಬಿದ ಬಿಂದಿಗೆಯೊಳಗೆ ಬೆರಳದ್ದಿದಳು. "ನೀರ್ ಮುಟ್ಟಿ ಏಳ್ತೀನಿ ಅಮ್ಮಾವ್ರೆ. ನೀವಾಗಿ ನೀವು ಓಗ್ತೀವಿ ಅನ್ನೋಗಂಟ ಆ ಮನೆ ನಂದು ಅಂತ ಈ ಬಾಯಾಗೆ ಅನ್ನಕಿಲ್ಲ."

ಎಮ್ಮೆ ತೊಳೆದ ಕೈ ಅದ್ದಿದ ನೀರನ್ನು ಅಮ್ಮ ಆವತ್ತು ಚೆಲ್ಲಲಿಲ್ಲ. ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟಾಗಿದ್ದ ನಮ್ಮಮ್ಮ ಅದೇ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದು, ಅದೇ ನೀರಿನಲ್ಲಿ ಅನ್ನಕ್ಕೆ ಎಸರಿಟ್ಟಳು. ಅಪ್ಪನಿಗೆ ಬಡಿಸುವಾಗ, "ರಾಯರಿಗೆ ಹೊಸದು ಒಂದು ಮಾಡಿ ಮಾರಿ. ಇವು ಇಲ್ಲೇ ಇರಲಿ" ಎಂದಳು. ಅಪ್ಪ, "ಸೈಟು?" ಎಂದರು. "ಮೊದಲು ಊಟ ಮಾಡಿ" ಎಂದಳು. ಸ್ಲೇಟು ನನಗೆ ವಾಪಸು ಬಂತು. ಅದರ ಮೇಲಿದ್ದ ಮನೆಯನ್ನು ಅಳಿಸಲು ಮನಸ್ಸಾಗದೆ ಆ ವಾರ ನಾನು ಲೆಕ್ಕವನ್ನೆಲ್ಲ ಹಿಂಬದಿಯಲ್ಲೇ ಮಾಡಿದೆ.

ರಾಯರಿಗೆ ಅಂಗಳದಲ್ಲಿ ಚೆನ್ನಾಗಿ ಹಣ್ಣಾದ ಬೀಡಿನಿಂದ ಒಂದು ಪ್ಲೇಟು ಮಾಡಿಕೊಟ್ಟದ್ದಾಯಿತು. ಅವರು ಬೇಸರಪಡಲಿಲ್ಲ. ಬೇಸರಪಟ್ಟವರು ಅಪ್ಪ. ಮಾರಿದ ಆ ಒಂದೇ ಒಂದು ಪ್ಲೇಟಿನ ಚಿಂತೆ ಅವರನ್ನು ಬಿಡಲೇ ಇಲ್ಲ. ಊಟದ ನಡುವೆ, "ಹೆಬ್ಬಗೋಡಿದು ಹೇಗಿದೆಯೋ" ಎನ್ನುವರು. ವರ್ಷದ ಮೇಲೆ ಒಂದು ದಿನ ತಡೆಯಲಾರದೆ ಮೂರು ಬಸ್ಸು ಬದಲಾಯಿಸಿ ಹೊಸೂರು ರಸ್ತೆ ಹಿಡಿದು ನೋಡಿಕೊಂಡು ಬಂದರು. ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಹೇಗಿತ್ತು?" ಎಂದಳು. "ಅದರ ಮೇಲೆ ಟೀ ಕೆಟಲ್ ಇಟ್ಟಿದಾರೆ" ಎಂದರು. ಹುಳಿ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಮಾರಿದ ಮೇಲೆ ಕೆಟಲ್ ಇಟ್ಟರೂ ಅವರದು, ಕುಕ್ಕರ್ ಇಟ್ಟರೂ ಅವರದು ಎಂದು ಅಮ್ಮ ಸಮಾಧಾನ ಮಾಡಿದಳು. ನನ್ನನ್ನು ಮದುವೆ ಮಾಡಿಕೊಟ್ಟಾಗ ಕೂಡ ಅಪ್ಪ ಅಷ್ಟು ಚಿಂತೆ ಮಾಡಲಿಲ್ಲ. ನಾನಾದರೆ ಗೌರಿಹಬ್ಬಕ್ಕೆ ಮನೆಗೆ ಬರುತ್ತಿದ್ದೆನಲ್ಲ.

ಬಾಡಿಗೆ ಪ್ಲೇಟುಗಳಿಗೂ ಅಂಥದೇ ಒಂದು ಕಟ್ಟಳೆ ಹುಟ್ಟಿದ್ದು ಆ ತೆಂಗಿನಕಾಯಿಯಿಂದ. ಪ್ಲೇಟು ಒಯ್ಯುವವರಿಗೆಲ್ಲ ಅಪ್ಪ ಒಂದೇ ಷರತ್ತು ಹಾಕಿದರು. ಆಯುಧಪೂಜೆಯ ಹಿಂದಿನ ದಿನ ಪ್ಲೇಟು ಮನೆಗೆ ಬರಬೇಕು. ಪೂಜೆ ಇಲ್ಲೇ, ವಿಜಯದಶಮಿಗೆ ವಾಪಸು. ಭಕ್ತರ ಕೈಯಿಂದ ಕಬ್ಬಿಣವನ್ನು ಕಾಪಾಡುವುದಕ್ಕೆ ಮಾಡಿದ ಉಪಾಯ ಅದು. ಆದರೆ ಅಮ್ಮ ಅದನ್ನು ತವರಿಗೆ ಬರುವುದು ಎಂದು ಕರೆದಳು, ಆ ಹೆಸರೇ ನಿಂತಿತು. "ಸಾರ್, ನಿಮ್ಮ ಮಗಳನ್ನ ಕರ್ಕೊಂಡ್ ಬಂದಿದೀನಿ" ಎಂದು ಬಸವರಾಜು ಸೈಕಲ್ ನಿಲ್ಲಿಸುತ್ತಿದ್ದರು. ಸಂಜೆಯೊಳಗೆ ಐದೂ ಬಂದು ಮೂಲದ ಮೂರರ ಪಕ್ಕ ಮಲಗುತ್ತಿದ್ದವು. ಅಪ್ಪ ಒಂದೊಂದಕ್ಕೂ ಕೈ ಆಡಿಸಿ, ಸವೆದದ್ದನ್ನು ಬೇರೆ ಇಟ್ಟು, ಹಬ್ಬ ಮುಗಿದ ಮೇಲೆ ಕೆರೆದು ಕಳಿಸುತ್ತಿದ್ದರು. ಭುಜ ಕೇಳದ ದಿನ ಬಸವರಾಜು ಕೆರೆಯುತ್ತಿದ್ದರು. ಅಮ್ಮ ಪ್ಲೇಟಿನ ಮೈಗೆ ಒಂದು ಚಿಟಿಕೆ ಕುಂಕುಮವನ್ನೂ ತಾಗಿಸದೆ, ಅದನ್ನು ಮುಚ್ಚಿಡುವ ಮರದ ಮುಚ್ಚಳಕ್ಕೆ ಮಾತ್ರ ಇಟ್ಟು ಪೂಜೆ ಮಾಡುತ್ತಿದ್ದಳು.

ಆ ಐದು ಪ್ಲೇಟುಗಳು ನನ್ನನ್ನು ಓದಿಸಿದವು, ಮದುವೆ ಮಾಡಿದವು. ಸೈಟು ಮಾತ್ರ ಆಗಲಿಲ್ಲ. ಲಗ್ಗೆರೆಯ ಕಡೆ ಬಸ್ಸಿನಲ್ಲಿ ಹೋಗುವಾಗ ಅಮ್ಮ ಕಿಟಕಿಯಿಂದ ಆಚೆ ನೋಡುತ್ತಿರಲಿಲ್ಲ ಎಂಬುದನ್ನು ಗಮನಿಸಿದವಳು ನಾನೊಬ್ಬಳೇ. ಇದನ್ನು ಬರೆಯುವಾಗ ಕೃತಜ್ಞತೆ ಎಂಬ ಮಾತು ಸಣ್ಣದಾಗಿ ಕಾಣುತ್ತದೆ. ಅಪ್ಪನಿಗೆ ಅವರ ಕಬ್ಬಿಣ ಉಳಿಯಲೆಂದು ಅಮ್ಮ ಒಂದು ಇಡೀ ಮನೆಯನ್ನು, ಸೀಬೆಮರದ ಸಮೇತ, ಬಿಟ್ಟುಕೊಟ್ಟಳು.

ಎಂಬತ್ತರ ದಶಕದ ಕೊನೆಗೆ, ಒಂದು ಬೇಸಿಗೆಯಲ್ಲಿ, ಅಪ್ಪ ಆ ಶೀಟಿನ ಮನೆಯಲ್ಲೇ ತೀರಿಕೊಂಡರು. ಹೋದ ನಕ್ಷತ್ರ ಒಳ್ಳೆಯದಲ್ಲ, ಮನೆ ಮೂರು ತಿಂಗಳು ಮುಚ್ಚಬೇಕು ಎಂದರು ಪುರೋಹಿತರು. ಬಾಡಿಗೆಮನೆಯಲ್ಲಿ ಸಾವಾದರೆ ಮಾಲೀಕರು ಹೇಗಾಡುತ್ತಾರೆಂದು ಕೇಳಿ ಬಲ್ಲ ನಾನು, ಅಮ್ಮನನ್ನು ನನ್ನ ಜೊತೆ ಕರೆದೊಯ್ಯಲು ಗಂಟು ಕಟ್ಟುತ್ತಿದ್ದೆ. ಹನುಮಕ್ಕ ಬಂದು ಬೀಗ ಹಾಕಿ, ಬೀಗದ ಕೈ ಅಮ್ಮನ ಕೈಯಲ್ಲೇ ಇಟ್ಟು, "ಮೂರ್ ತಿಂಗ್ಳು ನಮ್ ಅಟ್ಟಿಲಿರಿ. ಆಮ್ಯಾಕೆ ನಿಮ್ ಮನೆಗ್ ನೀವು ಓಗೀರಂತೆ" ಎಂದಳು. ನಾನು ಕಟ್ಟಿದ ಗಂಟನ್ನು ಅವಳೇ ಬಿಚ್ಚಿದಳು.

ಆ ವರ್ಷ ನಮಗೆ ಹಬ್ಬವಿಲ್ಲ. ವರ್ಷಾಬ್ದಿಕ ಆಗುವವರೆಗೆ ಮನೆಯಲ್ಲಿ ಪೂಜೆಯಿಲ್ಲ, ತೋರಣವಿಲ್ಲ. ಆಯುಧಪೂಜೆಗೆ ನಾನು ಸುಮ್ಮನೆ, ಬೀಗ ತೆಗೆದು ತನ್ನ ಮನೆಗೆ ಮರಳಿದ್ದ ಅಮ್ಮನ ಜೊತೆಗಿರಲು ದಾಸರಹಳ್ಳಿಗೆ ಬಂದಿದ್ದೆ. ಪ್ಲೇಟುಗಳು ಈ ಸಲ ಬರುವುದಿಲ್ಲ ಎಂದುಕೊಂಡಿದ್ದೆವು. ಕೈ ಆಡಿಸುವವರೇ ಇಲ್ಲದ ಮೇಲೆ ಯಾಕೆ ತರುತ್ತಾರೆ?

ಹಿಂದಿನ ದಿನ ಮಧ್ಯಾಹ್ನ ಸೈಕಲ್ ಬೆಲ್ಲಾಯಿತು. ಬಸವರಾಜು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಗಾಡಿಯಲ್ಲಿ ಎರಡು. ಸಂಜೆಯ ಹೊತ್ತಿಗೆ ಐದೂ ಬಂದಿದ್ದವು. ಯಾರೂ ಕರೆದಿರಲಿಲ್ಲ. "ಕಟ್ಟಳೆ ಅಲ್ವಾ ಅಮ್ಮಾ" ಎಂದರು ಬಸವರಾಜು, ಅಷ್ಟೇ. ಜಗುಲಿಯ ಮೇಲೆ ಸಾಲಾಗಿ ಇಳಿಸಿದರು. ನಾನು ಕೂತು ಒಂದೊಂದಕ್ಕೂ ಅಂಗೈ ಆಡಿಸಿದೆ. ಮೂರನೆಯದರ ನಡುವೆ ಸವೆದಿತ್ತು. ಹೇಳಿದೆ. ಬಸವರಾಜು ಅದನ್ನು ಬೇರೆ ಇಟ್ಟರು.

ಮಾರನೆಯ ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ಬರಿಗೈಯಲ್ಲಿ ನಿಂತು ಅವನ್ನೇ ನೋಡುತ್ತಿದ್ದಳು. ತವರಿಗೆ ಬಂದ ಮಕ್ಕಳಿಗೆ ಕುಂಕುಮ ಕೊಡುವ ಹಾಗಿಲ್ಲ. ಪೂಜೆಯಿಲ್ಲದೆ ಹಾಗೇ ಕಳಿಸುವುದಕ್ಕೂ ಮನಸ್ಸಿಲ್ಲ. ಬಸವರಾಜು ಮತ್ತಿತರರು ಅಂಗಳದಲ್ಲಿ ನಿಂತಿದ್ದರು, ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಹಿಂದಿನ ಮನೆಯಿಂದ ಹನುಮಕ್ಕ ಬಂದಳು, ತಟ್ಟೆಯಲ್ಲಿ ಕುಂಕುಮ, ಸೇವಂತಿಗೆ, ಒಂದು ತೆಂಗಿನಕಾಯಿ. ಜಗುಲಿಯ ಮೆಟ್ಟಿಲ ಹತ್ತಿರ ನಿಂತು ಅಮ್ಮನ ಮುಖ ನೋಡಿದಳು.

"ಅಮ್ಮಾವ್ರೆ, ನೀರ್ ಮುಟ್ಟಿ ಆಡಿದ್ ಮಾತು ಇವತ್ತೊಂದಿನ ಮುರೀತೀನಿ, ತಪ್ಪು ತಿಳ್ಕಬ್ಯಾಡಿ" ಎಂದಳು. "ಈ ಮನೆ ನಂದು. ಸೂತಕ ನಿಮ್ಗೆ, ನಂಗಿಲ್ಲ. ನನ್ ಮನೇಲಿ ಪೂಜೆ ನಾನ್ ಮಾಡ್ತೀನಿ."

ಅಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, ಗೋಡೆಗೆ ತಲೆಯಿಟ್ಟು ಅತ್ತಳು.

ಹನುಮಕ್ಕ ಮೇಲೆ ಬಂದು ಒಂದೊಂದೇ ಮುಚ್ಚಳಕ್ಕೆ ಕುಂಕುಮವಿಟ್ಟಳು, ಹೂವಿಟ್ಟಳು. ಆಮೇಲೆ ಕಾಯಿ ತೆಗೆದುಕೊಂಡು ಮೆಟ್ಟಿಲಿಳಿದು, ಅಂಗಳ ದಾಟಿ, ಎಮ್ಮೆಯ ಕೊಟ್ಟಿಗೆಯನ್ನೂ ದಾಟಿ, ದೂರದ ಬೋರಿನ ಕಲ್ಲಿನ ಮೇಲೆ ಅದನ್ನು ಒಡೆದಳು. ಹೋಳುಗಳ ನೀರನ್ನು ಅಲ್ಲೇ ಬಗ್ಗಿಸಿ, ಎರಡೂ ಕೈಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡು, ಒಣಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡು ವಾಪಸು ಬಂದಳು.